ಹಸಿವು ಮತ್ತು ಮಹಾಪ್ರಭುವಿನ ಕೋಟು

ಮಾರ್ಚ್ ೯

ಬಟಾಣಿ,

ನಿನ್ನ ಹಡಗು ಈಗ ಯಾವ ನೀರಿನಲ್ಲಿದೆಯೋ ಗೊತ್ತಿಲ್ಲ. ಕಂಪನಿಯವರು ಕೊಟ್ಟ ಬಂದರಿನ ವಿಳಾಸಕ್ಕೆ ಇದನ್ನು ಹಾಕುತ್ತಿದ್ದೇನೆ, ನೀನು ಅಲ್ಲಿಗೆ ಬಂದಾಗ ಕೈಸೇರಲಿ. ಫೋನಿನಲ್ಲಿ ನೀನು "ಹೇಗಿದ್ದೀಯಮ್ಮಾ" ಎಂದು ಕೇಳಿ ಮುಗಿಸುವ ಮೊದಲೇ ನನ್ನ ಬಾಯಿ "ಚೆನ್ನಾಗಿದ್ದೀನಿ" ಎಂದುಬಿಡುತ್ತದೆ, ಅಷ್ಟರಲ್ಲಿ ಲೈನು ಕಟ್ಟಾಗುತ್ತದೆ. ಪತ್ರವಾದರೆ ಹೊಲಿಗೆಯ ಹಾಗೆ, ಸರಿಬರದಿದ್ದರೆ ಬಿಚ್ಚಿ ಮತ್ತೆ ಹಾಕಬಹುದು.

ಮೊದಲು ಒಳ್ಳೆಯ ಸುದ್ದಿ. ನನಗೆ ಹಸಿವೇ ಆಗುತ್ತಿಲ್ಲ! ತಮಾಷೆಯಲ್ಲ ಕಣೇ. ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಆದ ಮೇಲೆ ನೀನು ಚಮಚದಲ್ಲಿ ಸೂಪು ಕುಡಿಸಿ ಹಡಗು ಹತ್ತಿದೆಯಲ್ಲ, ಆಗ ನೋವಿಗೆ ಹಸಿವು ಸತ್ತಿದೆ ಅಂದುಕೊಂಡಿದ್ದೆ. ನೋವು ಹೋಯಿತು, ಹಸಿವು ಮಾತ್ರ ಬರಲಿಲ್ಲ. ಈಗ ಗಡಿಯಾರ ನೋಡಿ, ಓ ತಿನ್ನಬೇಕಲ್ಲ ಎಂದು ನೆನಪಿಸಿಕೊಂಡು ತಿನ್ನುತ್ತೇನೆ. ಒಂದು ಮೊಟ್ಟೆ, ಒಂದಿಷ್ಟು ಮೊಸರು, ಅಷ್ಟಕ್ಕೇ ಹೊಟ್ಟೆ ಸಾಕು ಎಂದು ಕೈಮುಗಿಯುತ್ತದೆ. ಯಾರ ಹೊಟ್ಟೆ? ನಿನ್ನಮ್ಮನ ಹೊಟ್ಟೆ! ಊಟ ಮುಗಿಸಿ ಕೈ ತೊಳೆಯುವಾಗಲೇ ಸಂಜೆಗೆ ಏನು ಎಂದು ಯೋಚಿಸುತ್ತಿದ್ದವಳ ಹೊಟ್ಟೆ.

ಥಿಯೇಟರಿನ ಕೆಲಸಕ್ಕೆ ವಾಪಸು ಹೋದೆ. ಪೋಷಾಕಿನ ಕೋಣೆ ಮೂರನೇ ಮಹಡಿಯಲ್ಲೇ ಇದೆ, ನನಗಾಗಿ ಕೆಳಗೇನೂ ಇಳಿದು ಬಂದಿಲ್ಲ. ಹೋದ ವರ್ಷ ಮ್ಯಾನೇಜರು ಬಹಳ ಮೆತ್ತಗೆ "ಕೆಳಗೆ ಟಿಕೆಟ್ ಕೌಂಟರಲ್ಲಿ ಕೂತ್ಕೋತೀರಾ?" ಎಂದು ಕೇಳಿದ್ದು ನೆನಪಿದೆಯಲ್ಲ? ಆ ಮಾತೇ ತಾನೇ ನನ್ನನ್ನು ಆಪರೇಷನ್‌ವರೆಗೆ ಅಟ್ಟಿದ್ದು. ಈಗ ನಡುವೆ ಒಂದೇ ಕಡೆ ನಿಂತು ಉಸಿರು ತೆಗೆದುಕೊಂಡು ಹತ್ತಿಬಿಡುತ್ತೇನೆ. ಮೇಲೆ ನನ್ನ ಮೆಷಿನ್ನು, ನನ್ನ ಕತ್ತರಿ, ಸಾಲಾಗಿ ನೇತುಬಿದ್ದ ರಾಜರಾಣಿಯರ ಬಟ್ಟೆ. ಟಿಕೆಟ್ಟನ್ನು ಮ್ಯಾನೇಜರೇ ಮಾರಿಕೊಳ್ಳಲಿ.

ಮಹಾಪ್ರಭು ಮಾತ್ರ ಮುಖ ಊದಿಸಿಕೊಂಡಿದ್ದಾರೆ. ಅವರನ್ನು ನೀನು ಒಂದೇ ಸಲ ನೋಡಿದ್ದು. ನಮ್ಮ ತಂಡದ ದಪ್ಪನೆಯ ನಟ. ರಾಜ, ಸಾಹುಕಾರ, ನ್ಯಾಯಾಧೀಶ, ಹೊಟ್ಟೆ ಬೇಕಾದ ಪಾತ್ರಗಳೆಲ್ಲ ಅವರದೇ, ಹಾಗಾಗಿ ಆ ಹೆಸರು. ಮಧ್ಯಾಹ್ನದ ಆಟಕ್ಕೂ ಸಂಜೆಯ ಆಟಕ್ಕೂ ನಡುವೆ ನಾವಿಬ್ಬರೂ ಬಟ್ಟೆಯ ಪೆಟ್ಟಿಗೆಯ ಮೇಲೆ ಡಬ್ಬಿ ಬಿಚ್ಚಿ ಕೂರುತ್ತಿದ್ದೆವು. "ನಮ್ಮಿಬ್ರ ಹೊಟ್ಟೆ ಒಂದೇ ಅಳತೆ" ಎಂದು ಅವರು ಹೇಳುತ್ತಿದ್ದುದು ಬರೀ ಮಾತಲ್ಲ. ಅಳತೆಗೆ ನಿಲ್ಲುವ ತಾಳ್ಮೆ ಅವರಿಗಿಲ್ಲ, ಅವರ ಬಟ್ಟೆಗಳನ್ನು ನಾನೇ ತೊಟ್ಟು ನೋಡಿ ಸರಿಮಾಡುವುದು ಮೊದಲಿನಿಂದಲೂ ನಮ್ಮ ರೂಢಿ. ಈಗ ಅವರು ಒಬ್ಬರೇ ಊಟ ಮಾಡುತ್ತಾರೆ. ನಾನು ಪಕ್ಕದಲ್ಲಿ ಗುಂಡಿ ಹೊಲಿಯುತ್ತೇನೆ.

ನೀನು ಜನವರಿಯಲ್ಲಿ ಬರುವ ಹೊತ್ತಿಗೆ ನಿನ್ನಮ್ಮ ಹಸಿವೆಂದರೆ ಏನೆಂದೇ ಮರೆತ ಹೆಂಗಸಾಗಿರುತ್ತಾಳೆ. ನೋಡುತ್ತಿರು.

ಪ್ರೀತಿಯಿಂದ,
ಅಮ್ಮ


ಏಪ್ರಿಲ್ ೨೨

ಅಮ್ಮಾ,

ನಿನ್ನ ಪತ್ರ ಸಿಕ್ಕಿತು. ಇಡೀ ಹಡಗಿಗೆ ಓದಿ ಹೇಳಿದೆ, ಬೈಯಬೇಡ. ಸಮುದ್ರದ ಮಧ್ಯೆ ಹೊಸ ಸುದ್ದಿ ಅಂದರೆ ಅಷ್ಟು ಬರ. ಎಂಜಿನ್ ಕೋಣೆಯಲ್ಲಿ ಒಬ್ಬ ಹಿರಿಯರಿದ್ದಾರೆ, ಎಲ್ಲರೂ ತಾತ ಅನ್ನುತ್ತೇವೆ, ದಿನಾ ಎರಡನೇ ಸಲ ತಟ್ಟೆ ಹಿಡಿದುಕೊಂಡು ಬರುವವರು. ಅವರು ಬಾಯಿ ಬಿಟ್ಟುಕೊಂಡು ಕೇಳಿ, "ಹಸಿವೇ ಆಗದಿರೋ ಹೊಟ್ಟೇನಾ? ಹಾಗಾದ್ರೆ ಮನುಷ್ಯ ದಿನಾ ಯಾವುದಕ್ಕೆ ಕಾಯೋದು?" ಅಂದರು. ನಾನು ಅವರ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿ ಬಾಯಿ ಮುಚ್ಚಿಸಿದೆ.

ಇಲ್ಲಿ ಅಡುಗೆಮನೆ ನಮ್ಮ ಮನೆಯ ಬಚ್ಚಲಿನಷ್ಟಿದೆ. ಒಲೆಯ ಸುತ್ತ ಕಂಬಿ, ಇಲ್ಲದಿದ್ದರೆ ಅಲೆ ಬಂದಾಗ ಪಾತ್ರೆಗಳು ನನ್ನ ಮೇಲೇ ಸವಾರಿ ಮಾಡುತ್ತವೆ. ಇಪ್ಪತ್ತೈದು ಜನಕ್ಕೆ ಬೇಯಿಸುತ್ತೇನೆ. ಊಟದ ಗಂಟೆಗೆ ಇನ್ನೂ ಹೊತ್ತಿರುವಾಗಲೇ ಒಬ್ಬೊಬ್ಬರಾಗಿ ಬಂದು ಬಡಿಸುವ ಕಿಟಕಿಯ ಮುಂದೆ ಸುಮ್ಮನೆ ನಿಲ್ಲುತ್ತಾರೆ. ಏನೋ ಕೆಲಸವಿದ್ದವರಂತೆ ಗೋಡೆ ನೋಡುತ್ತಾರೆ. ಮೂಗು ಮಾತ್ರ ನನ್ನ ಕಡೆ ಇರುತ್ತದೆ. ನನಗೆ ದಿನದಲ್ಲಿ ಅತಿ ಇಷ್ಟವಾದ ಹೊತ್ತು ಅದೇ.

ಅಮ್ಮಾ, ಒಂದು ಮಾತು. ಬಿಸ್ಕತ್ತಿನ ಡಬ್ಬಿ ನೆನಪಿದೆಯಾ? "ಎಲ್ಲಾದ್ರೂ ಬಚ್ಚಿಡು, ನಾನು ಕೇಳಿದ್ರೂ ಕೊಡ್ಬೇಡ" ಎಂದು ನನ್ನ ಕೈಗೆ ಕೊಡುತ್ತಿದ್ದೆ. ಆಮೇಲೆ ನೀನೇ ಮನೆಯೆಲ್ಲ ಹುಡುಕುತ್ತಿದ್ದೆ. ಸಿಗದಿದ್ದರೆ ನನ್ನ ಮೇಲೆ ಸಿಡುಕು, ಸಿಕ್ಕಿದರೆ ನಿನ್ನ ಮೇಲೆಯೇ ಸಿಟ್ಟಾಗಿ ಅಳು. ನನಗಾಗ ಎಂಟು ವರ್ಷ. ನಿನ್ನ ಹಸಿವಿಗೆ ನಾನು ಕಾವಲು. ಆ ಕೆಲಸಕ್ಕೆ ನನಗೆ ಯಾರೂ ಇಷ್ಟು ವರ್ಷ ರಜೆ ಕೊಟ್ಟಿರಲಿಲ್ಲ. ನಿನ್ನ ಪತ್ರ ಓದಿದ ದಿನ, ಕಾವಲು ಮುಗಿಯಿತು ಎಂದುಕೊಂಡು ಡೆಕ್ಕಿನ ಮೇಲೆ ಹೋಗಿ ಒಬ್ಬಳೇ ಕೂತು ಒಂದು ಲೋಟ ಚಹಾ ಕುಡಿದೆ. ಎಷ್ಟು ಹಗುರ ಅನಿಸಿತೆಂದರೆ, ಇಳಿದ ತೂಕವೆಲ್ಲ ನನ್ನದೇ ಏನೋ ಅನ್ನುವ ಹಾಗೆ.

ಮಹಾಪ್ರಭುಗಳಿಗೆ ನಮಸ್ಕಾರ ಹೇಳು. ಪಾಪ, ಒಬ್ಬರೇ ಕೂತು ಊಟ ಮಾಡುವುದು ಯಾರಿಗೂ ಬೇಡ.

ನಿನ್ನ,
ಬಟಾಣಿ


ಜುಲೈ ೧೪

ಬಟಾಣಿ,

ಬರೆಯುವುದು ತಡವಾಯಿತು. ಹೊಸ ನಾಟಕ ಕೈಗೆತ್ತಿಕೊಂಡಿದ್ದಾರೆ. ಒಬ್ಬ ದುರಾಸೆಯ ಸಾಹುಕಾರನ ಕಥೆ. ಸಾಹುಕಾರ ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಹಸಿರು ಮಖಮಲ್ಲಿನ ಉದ್ದ ಕೋಟು ಬೇಕಂತೆ, ಅದನ್ನು ನೋಡಿದರೇ ಹಣದ ವಾಸನೆ ಬರಬೇಕಂತೆ. ನಿರ್ದೇಶಕರಿಗೆ ಬಾಯಲ್ಲಿ ಹೇಳುವುದಕ್ಕೇನು.

ನಾನು ಚೆನ್ನಾಗಿದ್ದೇನೆ. ಮೆಟ್ಟಿಲು ಈಗ ಎಲ್ಲೂ ನಿಲ್ಲದೆ ಹತ್ತುತ್ತೇನೆ. ಕ್ಲಿನಿಕ್ಕಿನವರು ತಪಾಸಣೆಗೆ ಕರೆದಿದ್ದರು, ಕೆಲಸದ ಗಡಿಬಿಡಿ, ಮುಂದಿನ ತಿಂಗಳು ಹೋದರಾಯಿತು.

ಹಡಗಿನಲ್ಲಿ ಬ್ರೆಡ್ಡನ್ನು ನೀನೇ ಬೇಯಿಸುತ್ತೀಯ ಎಂದು ಫೋನಿನಲ್ಲಿ ಹೇಳಿದ್ದೆಯಲ್ಲ. ಬೆಳಗ್ಗೆ ಎಷ್ಟು ಹೊತ್ತಿಗೆ ಒಲೆಗಿಡುತ್ತೀಯ? ಅದರ ವಾಸನೆ ಎಂಜಿನ್ ಕೋಣೆಯವರೆಗೂ ಹೋಗುತ್ತದೆಯೇ? ಮೇಲೆ ಬೆಣ್ಣೆ ಸವರುವುದು ಬಿಸಿ ಇರುವಾಗಲೋ ಆರಿದ ಮೇಲೋ? ಎಷ್ಟು ಬೆಣ್ಣೆ? ಹೊರಗಿನ ಅಂಚು ಮುರಿದರೆ ಸದ್ದು ಬರುವಷ್ಟು ಗರಿಗರಿಯಾಗುತ್ತದೆಯೇ, ಅಥವಾ ಸಮುದ್ರದ ಗಾಳಿಗೆ ಮೆತ್ತಗಾಗಿಬಿಡುತ್ತದೆಯೇ? ಸುಮ್ಮನೆ ಕೇಳಿದೆ. ವಿವರವಾಗಿ ಬರೆ.

ಒಂದೊಂದು ಸಲ ಹೊಟ್ಟೆ ಚುರುಗುಟ್ಟಿದ ಹಾಗಾಗುತ್ತದೆ. ಮಧ್ಯಾಹ್ನ ಇಸ್ತ್ರಿ ಮಾಡುವಾಗ ಹೆಚ್ಚು. ಏನೂ ಇಲ್ಲ ಬಿಡು, ತಲೆಗೆ ಹಚ್ಚಿಕೊಳ್ಳಬೇಡ.

ಅಮ್ಮ


ಆಗಸ್ಟ್ ೨೦

ಅಮ್ಮಾ,

ಬೆಣ್ಣೆ ಎಷ್ಟು ಎಂದು ನಾನು ಬರೆಯುವುದಿಲ್ಲ. ಪತ್ರದ ಅರ್ಧ ಬರೀ ಬ್ರೆಡ್ಡು!

ಚುರುಗುಟ್ಟಿದ ಹಾಗೆ ಅಂದರೆ ಏನಮ್ಮ? ಮುಕ್ಕಾಲು ಹೊಟ್ಟೆ ತೆಗೆದುಹಾಕಿದ ಮೇಲೆ ಹಸಿವು ಎಲ್ಲಿಂದ ಬರಬೇಕು? ಅದು ಮನಸ್ಸಿನ ಆಟ. ಹಳೇ ಅಭ್ಯಾಸ ಬಾಲ ಆಡಿಸುತ್ತಿದೆ, ಅಷ್ಟೇ. ಹಾಗೆ ಅನಿಸಿದಾಗ ಒಂದು ಲೋಟ ನೀರು ಕುಡಿ. ಎದ್ದು ಓಡಾಡು. ಬೇರೆ ಏನಾದರೂ ಯೋಚನೆ ಮಾಡು. ನಿನಗೆ ಗಟ್ಟಿ ಮನಸ್ಸಿದೆ, ಇಷ್ಟು ದೊಡ್ಡ ಆಪರೇಷನ್ನನ್ನೇ ಜೀರ್ಣಿಸಿಕೊಂಡಿದ್ದೀಯ.

ಇಷ್ಟು ದೂರ ಬಂದು ದಡದಲ್ಲಿ ಮುಳುಗಬೇಡ. ದಯವಿಟ್ಟು ಮತ್ತೆ ಶುರು ಮಾಡಬೇಡಮ್ಮ. ನಾನಿಲ್ಲಿ ನೀರಿನ ಮಧ್ಯೆ ಇದ್ದೇನೆ, ಓಡಿ ಬರಲಾಗುವುದಿಲ್ಲ.

ಬಟಾಣಿ


ಸೆಪ್ಟೆಂಬರ್ ೧೮

ಬಟಾಣಿ,

ನೀರು ಕುಡಿಯುತ್ತಿದ್ದೇನೆ. ಓಡಾಡುತ್ತಿದ್ದೇನೆ. ನಾಟಕದ ಕೆಲಸ ತಲೆಯ ಮೇಲಿದೆ. ನೀನು ಹುಷಾರು.

ಅಮ್ಮ


ಅಕ್ಟೋಬರ್ ೧೦

ಅಮ್ಮಾ,

ನಿನ್ನ ಪತ್ರ ಓದಿ ಮುಗಿಸುವುದಕ್ಕೆ ಲಕೋಟೆ ಹರಿಯುವಷ್ಟೂ ಹೊತ್ತು ಹಿಡಿಯಲಿಲ್ಲ. ಹಿಂದೆ ಏನಾದರೂ ಬರೆದಿದ್ದೀಯೇನೋ ಎಂದು ತಿರುಗಿಸಿ ನೋಡಿದೆ. ಆವತ್ತು ಸೂಪಿಗೆ ಎರಡು ಸಲ ಉಪ್ಪು ಹಾಕಿದೆ. ಎಲ್ಲರೂ ನನ್ನ ಮುಖ ನೋಡಿ ಕುಡಿದುಬಿಟ್ಟರು.

ಕ್ಲಿನಿಕ್ಕಿಗೆ ಹೋದೆಯಾ? ಮಧ್ಯಾಹ್ನ ಏನು ತಿನ್ನುತ್ತೀಯ? ನಾನು ನೀರು ಕುಡಿ ಎಂದದ್ದು ನಿಜ, ಹಾಗೆಂದು ಪತ್ರದಲ್ಲೂ ಬರೀ ನೀರನ್ನೇ ಕಳಿಸಬೇಕೇ?

ಏನಾದರೂ ಬರೆ ಅಮ್ಮ. ಬೈದಾದರೂ ಬರೆ. ನೀನು ಸುಮ್ಮನಿದ್ದರೆ ನನಗೆ ತಡೆಯಲಾಗುವುದಿಲ್ಲ.

ಬಟಾಣಿ


ನವೆಂಬರ್ ೨

ಬಟಾಣಿ,

ಬೈಯುವುದಿಲ್ಲ. ಉದ್ದದ ಪತ್ರವಿದು, ಒಲೆಯ ಮೇಲೆ ಏನಾದರೂ ಇದ್ದರೆ ಆರಿಸಿ ಬಂದು ಕೂತು ಓದು.

ನನಗೆ ಹಸಿವಾಗುತ್ತದೆ. ಜೂನ್ ತಿಂಗಳಿನಿಂದ ಆಗುತ್ತಿದೆ. ಮೊದಮೊದಲು ಬೆರಳಿನಲ್ಲಿ ಬಾಗಿಲು ತಟ್ಟಿದ ಹಾಗಿತ್ತು, ಆಮೇಲೆ ಬಾಗಿಲನ್ನೇ ಮುರಿಯುವ ಹಾಗಾಯಿತು. ಇಷ್ಟು ದೊಡ್ಡ ಆಪರೇಷನ್ನಿಗೂ ಬಗ್ಗದ ಹಸಿವೆಂದರೆ ನನ್ನಲ್ಲೇ ಏನೋ ಐಬಿರಬೇಕು, ನಾನು ಸೋತೆ ಎಂದುಕೊಂಡೆ. ನಿನಗೆ ಹೇಳಬೇಕೆಂದು ಎಷ್ಟೋ ಸಲ ಪೆನ್ನು ಹಿಡಿದೆ. ಆದರೆ ನೀನು ಕಾವಲು ಮುಗಿಯಿತು ಎಂದು ಬರೆದಿದ್ದೆಯಲ್ಲ, ಆ ಸಾಲು ಓದಿದ ಮೇಲೆ ಯಾವ ಬಾಯಿಂದ ಹೇಳಲಿ? ಮತ್ತೆ ಡಬ್ಬಿ ತಂದು ನಿನ್ನ ಕೈಗಿಟ್ಟ ಹಾಗಾಗುತ್ತಿತ್ತು.

ಕ್ಲಿನಿಕ್ಕಿಗೂ ಹೋಗಲಿಲ್ಲ, ತೂಕದ ಯಂತ್ರ ಹತ್ತಿಸಿ ನನ್ನ ಮುಖ ನೋಡುತ್ತಾರೆ ಎಂಬ ನಾಚಿಕೆ. ಹಸಿವಿಗೆ ಬುದ್ಧಿ ಕಲಿಸುತ್ತೇನೆಂದು ತಿನ್ನುವುದನ್ನೇ ಬಿಡುತ್ತ ಬಂದೆ. ಬೆಳಗ್ಗೆ ಕರಿ ಕಾಫಿ, ಮಧ್ಯಾಹ್ನ ನೀನು ಹೇಳಿದ ನೀರು. ಸಂಜೆ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಬ್ರೆಡ್ಡನ್ನು ಗಬಗಬನೆ ತಿನ್ನುವುದು, ಅದು ಎದೆಯಲ್ಲಿ ಸಿಕ್ಕಿಕೊಳ್ಳುವುದು, ಸಿಂಕಿನ ಮುಂದೆ ಬಗ್ಗಿ ನಿಂತು ಅಳುವುದು. ಮರುದಿನ ಮತ್ತೆ ಕರಿ ಕಾಫಿ.

ಇಂಥ ಒಂದು ದಿನ ಮಹಾಪ್ರಭುವಿನ ಹಸಿರು ಕೋಟನ್ನು ಸರಿನೋಡಲು ಕೂತೆ. ಎಂದಿನ ಹಾಗೆ ನಾನೇ ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತೆ. ಕೋಟು ನನ್ನ ಮೇಲೆ ಜೋತಾಡುತ್ತಿತ್ತು. ಎಷ್ಟು ಖುಷಿಯಾಯಿತು ಗೊತ್ತಾ? ಎಷ್ಟೋ ದಿನಗಳ ಮೇಲೆ ಬಂದ ಖುಷಿ ಅದು. ಆ ಸಂಭ್ರಮದಲ್ಲಿ ಗುಂಡುಸೂಜಿ ಚುಚ್ಚಿ ಎರಡೂ ಪಕ್ಕ ಒಳಗೆ ಹಿಡಿದೆ, ಬೆನ್ನಿನಲ್ಲಿ ಹಿಡಿದೆ, ಗುಂಡಿಗಳನ್ನು ಒಳಕ್ಕೆ ಸರಿಸಿ ಹೊಲಿದೆ. ಮೈಗೆ ಅಚ್ಚು ಹೊಯ್ದ ಹಾಗೆ ಕೂತಿತು. ಯಾರ ಮೈಗೆ ಎಂದು ಮಾತ್ರ ನನಗೆ ಹೊಳೆಯಲೇ ಇಲ್ಲ.

ಕೊನೆಯ ತಾಲೀಮಿನಲ್ಲಿ ಅವರು ಸೆಖೆಯೆಂದು ಕೋಟನ್ನು ಹೆಗಲ ಮೇಲೆ ಇಳಿಬಿಟ್ಟುಕೊಂಡೇ ಮುಗಿಸಿದರು. ಮೊದಲ ಪ್ರದರ್ಶನ ಭಾನುವಾರ ಮಧ್ಯಾಹ್ನ, ತುಂಬಿದ ಸಭೆ. ಪಾಪ, ನನ್ನ ಮೇಲಿನ ಮರ್ಯಾದೆಗೆ ಉಸಿರು ಬಿಗಿಹಿಡಿದು, ಇಬ್ಬರ ಕೈಯಲ್ಲಿ ಗುಂಡಿ ಹಾಕಿಸಿಕೊಂಡು ವೇದಿಕೆಗೆ ಹೋದರು. ಎರಡನೇ ದೃಶ್ಯದಲ್ಲಿ ಸಾಹುಕಾರ ಗಹಗಹಿಸಿ ನಗಬೇಕು. ನಕ್ಕರು. ನಡುವಿನ ಗುಂಡಿ ಹಾರಿ ಮುಂದಿನ ಸಾಲಿನ ಹೆಂಗಸಿನ ಮಡಿಲಿಗೆ ಬಿತ್ತು. ಪರದೆಯ ಪಕ್ಕದಲ್ಲಿ ನಿಂತಿದ್ದ ನನ್ನ ಜೀವ ಬಾಯಿಗೆ ಬಂತು. ಅವರು ಒಂದು ಕ್ಷಣವೂ ತಡವರಿಸದೆ "ಈ ಊರಿನ ದರ್ಜಿಗಳಿಗೆ ಸಾಹುಕಾರರ ಹೊಟ್ಟೆ ಕಂಡ್ರೇ ಆಗಲ್ಲ!" ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಬೆನ್ನು ತಿರುಗಿಸಿದಾಗ ಹಿಂದಿನ ಹೊಲಿಗೆಯೂ ಪರ್‍ರೆಂದು ಬಿಟ್ಟಿತು. ಅದಕ್ಕೂ ಚಪ್ಪಾಳೆ. ನಾನು ಮಾತ್ರ ಮೂರು ಮಹಡಿ ಓಡಿ ಹತ್ತಿ ಬಾಗಿಲು ಹಾಕಿಕೊಂಡೆ.

ಆಟ ಮುಗಿದ ಮೇಲೆ ಮಹಾಪ್ರಭು ಮಹಡಿಗೆ ಬಂದರು, ಮೆಟ್ಟಿಲು ಮೆಟ್ಟಿಲಿಗೂ ಏದುಸಿರು ಬಿಡುತ್ತ. ಕೋಟು ತೋಳಿನ ಮೇಲಿತ್ತು.

"ಟೈಲರಮ್ಮ, ನಾನು ದಪ್ಪ ಆದ್ನಾ, ಇಲ್ಲ ಕೋಟು ಸಣ್ಣ ಆಯ್ತಾ?"

ನಾನು ಕೋಟು ತೆಗೆದುಕೊಂಡು ತೊಟ್ಟೆ. ಉಳಿದ ಗುಂಡಿಗಳನ್ನು ಹಾಕಿದೆ. ಇಬ್ಬರೂ ಕನ್ನಡಿ ನೋಡಿದೆವು.

"ಅಯ್ಯೋ! ನನ್ನ ಕೋಟನ್ನ ನಿಮಗೆ ಹೊಲ್ಕೊಂಡಿದ್ದೀರಲ್ರೀ!" ಎಂದು ನಗತೊಡಗಿದರು. ನನಗೂ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು, ನಿಲ್ಲಲೇ ಇಲ್ಲ.

"ಏನಾಯ್ತು? ಒಂದು ಗುಂಡಿಗೆ ಇಷ್ಟು ಅಳೋದಾ?"

"ಹಸಿವಾಗ್ತಿದೆ, ಪ್ರಭೂ."

ಅವರು ಪೆಟ್ಟಿಗೆಯ ಮೇಲೆ ಕೂತರು. ಆಮೇಲೆ, "ಯಾವಾಗಿಂದ?" ಎಂದರು.

"ತಿಂಗಳುಗಳಾಯ್ತು."

"ನಿಮಗೆ ಹಸಿವೇ ಇಲ್ಲ ಅಂತ ನಾನು ಇಷ್ಟು ದಿನದಿಂದ ಗೋಡೆ ನೋಡ್ಕೊಂಡು ಊಟ ಮಾಡ್ತಿದ್ದೀನಿ. ನೀವು ಹೊಟ್ಟೆ ಕಳ್ಕೊಂಡ್ರಿ, ನಾನು ಊಟಕ್ಕೆ ಜೊತೆ ಕಳ್ಕೊಂಡೆ. ಒಂದು ಮಾತು ಹೇಳ್ಬಾರ್ದಿತ್ತಾ?"

"ನಗ್ತೀರೇನೋ ಅಂತ."

"ಎಲ್ಲಾದಕ್ಕೂ ನಗ್ತೀನಿ. ಹಸಿವಿಗೆ ಯಾವತ್ತೂ ನಕ್ಕಿಲ್ಲ."

ನಾನು ಕ್ಲಿನಿಕ್ಕಿಗೆ ಫೋನು ಮಾಡುವವರೆಗೂ ಅವರು ಅಲ್ಲಿಂದ ಏಳುವುದಿಲ್ಲ ಎಂದು ಹಟ ಹಿಡಿದರು. ಭಾನುವಾರ ಯಾರು ಎತ್ತುತ್ತಾರೆ? ಸೋಮವಾರ ಬೆಳಗ್ಗೆ ಮತ್ತೆ ಬಂದು ಅದೇ ಪೆಟ್ಟಿಗೆಯ ಮೇಲೆ ಕೂತರು.

ಕ್ಲಿನಿಕ್ಕಿನಲ್ಲಿ ಊಟದ ಲೆಕ್ಕ ನೋಡುವ ಡಯಟಿಷಿಯನ್ ನಿನ್ನ ವಯಸ್ಸಿನ ಹುಡುಗಿ. ಕಳ್ಳತನ ಒಪ್ಪಿಕೊಳ್ಳುವವಳ ಹಾಗೆ ತಲೆ ತಗ್ಗಿಸಿ "ಹಸಿವು ವಾಪಸ್ ಬಂದಿದೆ" ಎಂದೆ.

"ಹೌದು, ಬರುತ್ತೆ" ಎಂದಳು. ಮಳೆ ಬರುತ್ತದೆ ಅನ್ನುವಷ್ಟು ಸಲೀಸಾಗಿ.

"ಬರುತ್ತಾ?"

"ತುಂಬಾ ಜನಕ್ಕೆ ಬರುತ್ತೆ ಅಮ್ಮ. ಮೊದಲ ತಿಂಗಳುಗಳಲ್ಲಿ ಇರಲ್ಲ, ಆಮೇಲೆ ಬರುತ್ತೆ. ಹೊಟ್ಟೆ ಚಿಕ್ಕದು ಮಾಡ್ತೀವಿ, ಹಸಿವನ್ನ ಕತ್ತರಿಸಿ ತೆಗೆಯೋಕಾಗಲ್ಲ. ನೀವು ಏನೇನು ತಿಂತಿದ್ದೀರಿ ಹೇಳಿ."

ಹೇಳಿದೆ. "ಇಷ್ಟೇ ತಿಂದ್ರೆ ನನಗೂ ಹಸಿವಾಗುತ್ತೆ, ಆ ಗೋಡೆಗೂ ಹಸಿವಾಗುತ್ತೆ" ಎಂದಳು. ನಾನು ಹಸಿವನ್ನು ಓಡಿಸುತ್ತಿದ್ದೇನೆ ಅಂದುಕೊಂಡು ಅದನ್ನೇ ಸಾಕುತ್ತಿದ್ದೆನಂತೆ. ಹಸಿವು ಕೂಗುವ ಮೊದಲೇ ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ತಿನ್ನಬೇಕು. ಮೊಟ್ಟೆ, ಮೀನು, ಕಾಳು, ಮೊಸರು ಮೊದಲು, ಬ್ರೆಡ್ಡು ಆಮೇಲೆ, ಜಾಗ ಉಳಿದರೆ. ಕೂತು ತಿನ್ನಬೇಕು, ನಿಧಾನವಾಗಿ ಅಗಿಯಬೇಕು. ನೀರು ಊಟದ ಜೊತೆಗಲ್ಲ, ನಡುವೆ. ತಿಂಗಳಿಗೊಮ್ಮೆ ಅವಳಿಗೆ ಮುಖ ತೋರಿಸಬೇಕು.

"ಪೂರ್ತಿ ಹೋಗುತ್ತಾ?" ಎಂದು ಕೇಳಿದೆ.

"ಹೋಗುತ್ತೆ ಅಂತ ಸುಳ್ಳು ಹೇಳಲ್ಲ. ಕಡಿಮೆ ಆಗುತ್ತೆ. ಉಳಿದಿದ್ದರ ಜೊತೆ ಇರೋದು ಕಲೀಬಹುದು."

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ನಾನು ಸೋತಿಲ್ಲ ಎಂದು ಒಬ್ಬರಾದರೂ ಹೇಳಲಿ ಎಂದು ಇಷ್ಟು ದಿನ ಕಾಯುತ್ತಿದ್ದೆ ಎನ್ನುವುದು ಆಗ ತಿಳಿಯಿತು. ಚೀಲದಲ್ಲಿದ್ದ ಮೊಟ್ಟೆಯನ್ನು ಅಲ್ಲೇ ಕೂತು, ನಿಧಾನವಾಗಿ, ಹೋಗಿಬರುವ ಜನರನ್ನು ನೋಡುತ್ತಾ ತಿಂದೆ.

ನಿನ್ನ ಮೇಲೆ ಕೋಪವಿಲ್ಲ. ಮನಸ್ಸಿನ ಆಟ ಅಂದೆಯಲ್ಲ, ಅದು ಮಾತ್ರ ನೋಯಿಸಿತು. ಹೇಳಿದ್ದಾಯಿತು, ಅಲ್ಲಿಗೆ ಮುಗಿಯಿತು.

ಅಮ್ಮ


ನವೆಂಬರ್ ೨೪

ಅಮ್ಮಾ,

ಒಲೆ ಆರಿಸಿ ಕೂತು ಓದಿದೆ. ಆಮೇಲೆ ಬೇಕೆಂದೇ ಈರುಳ್ಳಿ ಹೆಚ್ಚಲು ಕೂತೆ, ಯಾರಿಗೂ ಏನೂ ಕೇಳುವ ಅವಕಾಶ ಸಿಗಲಿಲ್ಲ. ಒಂದು ಬುಟ್ಟಿ ಈರುಳ್ಳಿ ಹೆಚ್ಚಿದ್ದೇನೆ. ಈ ವಾರವಿಡೀ ಇಲ್ಲಿ ಈರುಳ್ಳಿ ಸೂಪೇ.

ಗುಂಡಿ ಹಾರಿದ ಕಥೆಯನ್ನು ತಾತನಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ನಿನಗೆ ಹಸಿವಾಗುತ್ತದೆ ಎಂದೂ ಹೇಳಿದೆ. ಅವರು "ಸದ್ಯ!" ಎಂದರು. "ಅಲ್ಲಮ್ಮ, ನಿಮ್ಮಮ್ಮನಿಗೆ ಕಷ್ಟ ಆಯ್ತಲ್ಲ ಅಂತ ಬೇಜಾರೇ. ಆದ್ರೆ ಹಸಿವೇ ಇಲ್ಲ ಅಂದಾಗ ನನಗ್ಯಾಕೋ ಭಯ ಆಗಿತ್ತು" ಎಂದರು.

ನಾನು ಆವತ್ತು ಊಟದ ಗಂಟೆಗೆ ಮುಂಚೆ ಕಿಟಕಿಯಿಂದ ಹೊರಗೆ ನೋಡಿದೆ. ಎಂದಿನ ಹಾಗೆ ನಿಂತಿದ್ದರು, ಗೋಡೆ ನೋಡುತ್ತಾ. ಇಷ್ಟು ಜನ ಹಸಿದು ಬಂದು ನಿಂತರೆ ನನಗೆ ಖುಷಿ. ನನ್ನ ಹೊಟ್ಟೆಪಾಡೇ ಅವರ ಹಸಿವು. ಲೋಕದಲ್ಲಿ ನಿನ್ನೊಬ್ಬಳ ಹಸಿವಿಗೆ ಮಾತ್ರ ನಾನು ಹೆದರುತ್ತೇನೆ. ಆಗಸ್ಟಿನಲ್ಲಿ ಆ ಪತ್ರ ಬರೆದದ್ದು ನಾನಲ್ಲ ಅಮ್ಮ, ಡಬ್ಬಿ ಹಿಡಿದುಕೊಂಡಿದ್ದ ಆ ಎಂಟು ವರ್ಷದ ಹುಡುಗಿ. ಅವಳನ್ನೂ ನನ್ನನ್ನೂ ಇಬ್ಬರನ್ನೂ ಕ್ಷಮಿಸು.

ನೀನು ಕೇಳಿದ್ದಕ್ಕೆ ಈಗ ಉತ್ತರ. ಬ್ರೆಡ್ಡನ್ನು ಸೂರ್ಯ ಹುಟ್ಟುವ ಮೊದಲೇ ಒಲೆಗಿಡುತ್ತೇನೆ. ವಾಸನೆ ಎಂಜಿನ್ ಕೋಣೆಯವರೆಗೂ ಹೋಗುತ್ತದೆ, ತಾತ ಅದರಿಂದಲೇ ಏಳುವುದು. ಬೆಣ್ಣೆ ಸವರುವುದು ಬಿಸಿ ಇರುವಾಗಲೇ, ಚಾಕುವಿನ ತುದಿಯಲ್ಲಿ ಹಿಡಿಯುವಷ್ಟು. ಅಂಚು ಗರಿಗರಿಯಾಗಿಯೇ ಬರುತ್ತದೆ, ಆದರೆ ಬೇಗ ತಿನ್ನಬೇಕು, ಗಾಳಿ ಕಾಯುವುದಿಲ್ಲ. ಇದನ್ನು ಆಗಸ್ಟಿನಲ್ಲೇ ಬರೆಯಬೇಕಿತ್ತು.

ಜನವರಿ ನಾಲ್ಕರಂದು ಮಧ್ಯಾಹ್ನದ ರೈಲಿಗೆ ಬರುತ್ತೇನೆ. ಒಂದು ಚಿಂತೆ ಹತ್ತಿದೆ. ನನಗೆ ಬರುವುದು ಅಡುಗೆ ಒಂದೇ. ಅದನ್ನು ಬಿಟ್ಟು ಪ್ರೀತಿ ತೋರಿಸುವ ಬೇರೆ ಕಸುಬು ನಾನು ಕಲಿತಿಲ್ಲ. ಬಂದ ಮೇಲೆ ನಿನಗೆ ಅಡುಗೆ ಮಾಡಲೇ, ಬೇಡವೇ? ಮಾಡಿದರೆ ನಿನಗೆ ಕಷ್ಟವೇ? ಮಾಡದಿದ್ದರೆ ನಾನು ಆ ಮನೆಯಲ್ಲಿ ಕೈ ಎಲ್ಲಿಟ್ಟುಕೊಳ್ಳಲಿ?

ನಿನ್ನ,
ಬಟಾಣಿ


ಡಿಸೆಂಬರ್ ೧೨

ಬಟಾಣಿ,

ಮೊದಲು ಕೋಟಿನ ವಿಷಯ, ಯಾಕೆಂದರೆ ಮಹಾಪ್ರಭು ಪಕ್ಕದಲ್ಲೇ ಕೂತು "ನನ್ನ ಬಗ್ಗೆ ಬರೆದ್ರಾ?" ಎಂದು ಇಣುಕುತ್ತಿದ್ದಾರೆ. ಕೋಟು ಸರಿಹೋಯಿತು. ನಾನು ಬಟ್ಟೆಯನ್ನು ಒಳಗೆ ಹಿಡಿಯುತ್ತೇನೆಯೇ ಹೊರತು ಕತ್ತರಿಸಿ ಬಿಸಾಡುವವಳಲ್ಲ. ಹೊಲಿಗೆ ಬಿಚ್ಚಿದೆ, ಮಖಮಲ್ಲೆಲ್ಲ ಒಳಗೆ ಹಾಗೇ ಇತ್ತು. ಈಗ ಅಳತೆಗೆ ಅವರೇ ನಿಲ್ಲಬೇಕು, ನಿಲ್ಲುತ್ತಾರೆ, ಸೂಜಿ ಚುಚ್ಚುವ ಮೊದಲೇ ಅಯ್ಯೋ ಅನ್ನುತ್ತಾರೆ. ನಿರ್ದೇಶಕರಿಗೆ ಆ ಗುಂಡಿ ಎಷ್ಟು ಹಿಡಿಸಿತೆಂದರೆ ಪ್ರತಿ ಆಟದಲ್ಲೂ ಹಾರಬೇಕಂತೆ. ದಿನಾ ಒಂದು ಗುಂಡಿಯನ್ನು ಬೇಕೆಂದೇ ಸಡಿಲವಾಗಿ ಹೊಲಿಯುವುದು ನನ್ನ ಹೊಸ ಕೆಲಸ.

ಇನ್ನು ನನ್ನ ಹಸಿವು. ಇದೆ. ಇವತ್ತೂ ಬಂದಿತ್ತು, ಇಸ್ತ್ರಿ ಮಾಡುವಾಗ, ಎಂದಿನ ಹಾಗೆ. ಮೊದಲಾದರೆ ಬೆವರುತ್ತಿದ್ದೆ. ಈಗ ಗಡಿಯಾರ ನೋಡುತ್ತೇನೆ. ಊಟದ ಹೊತ್ತಾಗಿದ್ದರೆ ಇಸ್ತ್ರಿ ಪೆಟ್ಟಿಗೆ ಆರಿಸಿ ಕೂರುತ್ತೇನೆ. ಆಗಿರದಿದ್ದರೆ "ಬಾ, ಕೂತ್ಕೋ, ಇನ್ನೂ ಹೊತ್ತಿದೆ" ಎಂದು ಅದಕ್ಕೆ ಹೇಳಿ ಕೆಲಸ ಮುಂದುವರಿಸುತ್ತೇನೆ. ಕೆಲವು ದಿನ ಮಾತು ಕೇಳುತ್ತದೆ, ಕೆಲವು ದಿನ ಕೇಳುವುದಿಲ್ಲ. ಹೋದ ವಾರ ಒಂದು ಸಂಜೆ ಮತ್ತೆ ನಿಂತಲ್ಲೇ ಬ್ರೆಡ್ಡು ತಿಂದೆ, ಮತ್ತೆ ಸಿಂಕು. ಆದರೆ ಮರುದಿನ ಕರಿ ಕಾಫಿಗೆ ಹೋಗಲಿಲ್ಲ, ಮೊಟ್ಟೆ ಬೇಯಿಸಿಕೊಂಡೆ. ಡಯಟಿಷಿಯನ್ ಹುಡುಗಿಗೆ ಅದನ್ನೂ ಹೇಳಿದೆ. "ಮೊಟ್ಟೆ ಬೇಯಿಸಿಕೊಂಡ್ರಲ್ಲ, ಅದೇ ಪಾಸು" ಎಂದಳು.

ಮಧ್ಯಾಹ್ನ ಪೆಟ್ಟಿಗೆಯ ಮೇಲೆ ಮತ್ತೆ ಇಬ್ಬರೂ ಕೂರುತ್ತೇವೆ. ಅವರ ಡಬ್ಬಿ ದೊಡ್ಡದು, ನನ್ನದು ಚಿಕ್ಕದು, ಮುಗಿಯುವುದು ಒಟ್ಟಿಗೆ. ನನ್ನ ಜೊತೆ ತಿಂದು ತಿಂದು ಅವರ ಬಾಯಿಯೂ ನಿಧಾನವಾಗಿದೆ, ಹಾಗೆಂದು ದೂರುತ್ತಾರೆ.

ಬಿಸ್ಕತ್ತಿನ ಹಳೇ ಡಬ್ಬಿ ಅಡುಗೆಮನೆಯ ಕಪಾಟಿನಲ್ಲಿ ಎದುರಿಗೇ ಇದೆ. ಇಷ್ಟು ವರ್ಷ ಅದರಲ್ಲಿ ಗುಂಡಿ, ದಾರ ತುಂಬಿಟ್ಟಿದ್ದೆ. ಅವನ್ನೆಲ್ಲ ಖಾಲಿ ಮಾಡಿ ಬಿಸ್ಕತ್ತೇ ಹಾಕಿದ್ದೇನೆ, ಬಂದವರಿಗೆ, ನಿನಗೆ, ಒಂದೊಂದು ದಿನ ನನಗೆ. ನೀನು ಅದನ್ನು ಎಲ್ಲೂ ಬಚ್ಚಿಡಬೇಕಾಗಿಲ್ಲ. ಆ ಎಂಟು ವರ್ಷದ ಹುಡುಗಿ ಇನ್ನೂ ಅಲ್ಲೇ ನಿಂತಿದ್ದರೆ ಅವಳಿಗೆ ಹೇಳು: ಕಾವಲು ಈಗ ನನ್ನದು, ಅವಳು ಆಡಲು ಹೋಗಲಿ. ಅವಳ ಕೈಗೆ ಆ ಡಬ್ಬಿ ಕೊಟ್ಟದ್ದಕ್ಕೆ ನನಗೆ ತುಂಬಾ ದುಃಖವಿದೆ, ಬಟಾಣಿ.

ಅಡುಗೆ ಮಾಡಲೇ ಬೇಡವೇ ಎಂದು ಕೇಳಿದ್ದೀಯ. ಮಾಡು. ಮೀನು ಮಾಡು, ಕಾಳು ಮಾಡು, ಬ್ರೆಡ್ಡನ್ನೂ ಮಾಡು. ನನಗೆ ನೀನು ಚಿಕ್ಕವಳಿದ್ದಾಗ ತಿನ್ನುತ್ತಿದ್ದ ಪುಟ್ಟ ತಟ್ಟೆ ಸಾಕು, ತೊಳೆದಿಟ್ಟಿದ್ದೇನೆ. ನೀನು ಮೂರು ಸಲ ಬಡಿಸಿಕೊಳ್ಳುವಷ್ಟರಲ್ಲಿ ನನ್ನದು ಒಂದು ಮುಗಿಯುತ್ತದೆ. ಸಾಕು ಎಂದಾಗ ಮುಖ ಸಣ್ಣ ಮಾಡಬೇಡ, ಇನ್ನೊಂದು ತುತ್ತು ಎಂದು ಒತ್ತಾಯಿಸಬೇಡ. ಬ್ರೆಡ್ಡಿನ ಅಂಚು ಮುರಿಯುವಾಗ ಮಾತ್ರ ನನ್ನ ಹತ್ತಿರ ಕೂತು ಮುರಿ. ಆ ಸದ್ದು ಕೇಳಬೇಕು.

ಮಾರ್ಚಿನಲ್ಲಿ ಬಹಳ ಜಂಬದಿಂದ ಬರೆದಿದ್ದೆ, ನೀನು ಬರುವ ಹೊತ್ತಿಗೆ ಹಸಿವೆಂದರೆ ಏನೆಂದೇ ಮರೆತಿರುತ್ತೇನೆ ಎಂದು. ಆ ಸಾಲಿನ ಹೊಲಿಗೆ ಬಿಚ್ಚಿಬಿಡು. ಹಸಿದವರು ಬಂದು ನಿಂತರೆ ನಿನಗೆ ಖುಷಿಯಲ್ಲವೇ? ನಾಲ್ಕನೇ ತಾರೀಖು ರೈಲು ಬರುವುದು ನನ್ನ ಮಧ್ಯಾಹ್ನದ ಊಟದ ಹೊತ್ತಿಗೇ. ಸ್ಟೇಷನ್ನಿನ ಬಾಗಿಲಲ್ಲಿ ಒಬ್ಬಳು ಹೆಂಗಸು ಏನೋ ಕೆಲಸವಿದ್ದವಳ ಹಾಗೆ ಗೋಡೆ ನೋಡುತ್ತಾ ನಿಂತಿರುತ್ತಾಳೆ. ಮೊದಲಿಗಿಂತ ಸಣ್ಣಗಾಗಿದ್ದಾಳೆ, ಗುರುತು ಸಿಗದೆ ದಾಟಿ ಹೋಗಬೇಡ. ಅವಳು ಹಸಿದುಕೊಂಡೇ ನಿಂತಿರುತ್ತಾಳೆ.

ನಿನ್ನ,
ಅಮ್ಮ